ಲಕ್ವಾ ವಾರ್ಡಿನವರು ಮನೆಗೆ ಹೋದದ್ದು ಹೇಗೆ

ನಗು ಬರುವಂಥ ಸಂಗತಿ ಹುಡುಕಿಕೊಂಡು ನಾನು ಎಲ್ಲಿಗೂ ಹೋದವಳಲ್ಲ. ಅದು ತಾನೇ ಕುಂಟುತ್ತಾ, ಕೋಲೂರಿಕೊಂಡು, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ನನ್ನ ವಾರ್ಡಿಗೆ ಬರುತ್ತಿತ್ತು. ಬಂದ ಮೇಲೆ ಬೇಗ ಹೋಗುತ್ತಲೂ ಇರಲಿಲ್ಲ.

ನಾನು ತುಮಕೂರು ಕಡೆಯವಳು. ಲಕ್ವಾ ಹೊಡೆದವರಿಗೆ, ತಲೆಗೋ ಬೆನ್ನಿಗೋ ಪೆಟ್ಟು ಬಿದ್ದು ಕೈಕಾಲು ಸೋತವರಿಗೆ ವ್ಯಾಯಾಮ ಮಾಡಿಸಿ ಎಬ್ಬಿಸುವ ವಿದ್ಯೆ ಕಲಿತು, ಎಪ್ಪತ್ತರ ದಶಕದ ಮೊದಲಿಗೆ ಹುಮನಾಬಾದಿನ ಹೆದ್ದಾರಿ ಪಕ್ಕದ ಒಂದು ಧರ್ಮದಾಸ್ಪತ್ರೆಗೆ ಕೆಲಸಕ್ಕೆ ಬಂದೆ. ಹಿಂದುಗಡೆ ಹನ್ನೆರಡು ಮಂಚದ ಒಂದು ಉದ್ದನೆಯ ಕೋಣೆ. ಅದೇ ಲಕ್ವಾ ವಾರ್ಡು. ನನ್ನ ಹುದ್ದೆಯ ಹೆಸರು ಅಲ್ಲಿ ಯಾರ ನಾಲಿಗೆಯ ಮೇಲೂ ಹೊರಳಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಕೈಕಾಲು ಎತ್ತಿಸುತ್ತಿದ್ದೆನಲ್ಲ, ಮೊದಲ ವಾರವೇ ‘ಕವಾಯತು ಬಾಯಿ’ ಆಗಿಬಿಟ್ಟೆ. ಬಾಯಿ ಎಂದರೆ ನಮ್ಮ ಕಡೆ ಅಮ್ಮಾವ್ರು ಅಂದ ಹಾಗೆ. ಇದು ಗೊತ್ತಾಗುವ ತನಕ ನಾನು, ಇವರೆಲ್ಲ ಯಾಕೆ ನನ್ನ ಬಾಯಿಯ ಸುದ್ದಿಗೆ ಬರುತ್ತಾರೆ ಎಂದು ಒಳಗೊಳಗೇ ಸಿಟ್ಟಾಗಿದ್ದೆ.

ವಾರ್ಡಿನಲ್ಲಿ ನನಗೆ ಮೇಲೆ ದೊಡ್ಡ ಡಾಕ್ಟರು, ಕೆಳಗೆ ಮೌಸಿ. ಡಾಕ್ಟರು ಗುಲಬರ್ಗಾ ಕಡೆಯವರು, ಮಾತು ಕಡಿಮೆ. ಮೌಸಿ ಅಲ್ಲೇ ಹುಮನಾಬಾದಿನ ಆಯಾ, ಡಾಕ್ಟರು ಉಳಿಸಿದ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ಪ್ರತಿ ಶನಿವಾರ ಡಾಕ್ಟರು ಒಂದೊಂದು ಮಂಚದ ಮುಂದೆ ನಿಂತು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಇವರು ಇನ್ನೂ ಯಾಕೆ ಮನೆಗೆ ಹೋಗಿಲ್ಲ?”

ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಉತ್ತರವಿತ್ತು. ವಯಸ್ಸೆಷ್ಟು, ಪೆಟ್ಟು ಯಾವ ಬದಿಗೆ, ಮಾತು ಬಿದ್ದಿದೆಯೋ ಇಲ್ಲವೋ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೋ ಇಲ್ಲವೋ, ಇಷ್ಟು ತಿಳಿದರೆ ರೋಗಿ ಎಷ್ಟು ದಿನ ಇರುತ್ತಾನೆ ಎಂದು ಸುಮಾರಾಗಿ ಹೇಳಬಹುದು ಎಂದು ಬರೆದಿತ್ತು. ಬರೆದವರು ಒಮ್ಮೆ ಹುಮನಾಬಾದಿಗೆ ಬಂದು ಹೋಗಿದ್ದರೆ ಇನ್ನೂ ನಾಲ್ಕು ಪುಟ ಸೇರಿಸುತ್ತಿದ್ದರು.

೧. ಐದಕ್ಕೆ ಸೊನ್ನೆ

ನನ್ನ ಕೈಗೆ ಸಿಕ್ಕ ಮೊದಲ ರೋಗಿ ಮನ್ನಾಏಖೇಳ್ಳಿಯ ಒಬ್ಬ ಕಿರಾಣಿ ಅಂಗಡಿಯವನು. ಬಲಗೈ ಬಲಗಾಲು ಸೋತಿದ್ದವು, ಮಾತೂ ಬಿದ್ದಿತ್ತು. ಹತ್ತು ದಿನಕ್ಕೆ ಕಾಲು ಸ್ವಲ್ಪ ಬಂತು, ಮಾತೂ ತೊದಲುತ್ತಾ ಬಂತು. ಮಾತು ಎಷ್ಟು ಬಂದಿದೆ ಎಂದು ಪರೀಕ್ಷೆ ಮಾಡಬೇಕು. ಒಂದೊಂದೇ ಸಾಮಾನು ತೋರಿಸಿ ಹೆಸರು ಕೇಳಬೇಕು; ತಪ್ಪು ಹೆಸರು ಹೇಳಿದರೆ ಮಿದುಳಿನಲ್ಲಿ ಮಾತಿನ ಜಾಗ ಇನ್ನೂ ಸುಧಾರಿಸಿಲ್ಲ ಎಂದು ಅರ್ಥ.

ಬುಟ್ಟಿಯಲ್ಲಿ ಐದು ಸಾಮಾನು ಇಟ್ಟುಕೊಂಡು ಹೋದೆ. ಬಾಚಣಿಗೆ ತೋರಿಸಿದೆ. ಕಷ್ಟಪಟ್ಟು ತುಟಿ ತಿರುಗಿಸಿ, “ಹ...ಣ...ಗಿ” ಎಂದ. ಪಾಪ, ಅಂಗಡಿಯವನಲ್ಲವೇ, ತಲೆಯಲ್ಲಿ ಹಣವೇ ತುಂಬಿದೆ ಎಂದುಕೊಂಡು ತಪ್ಪು ಹಾಕಿದೆ. ಸೀಬೆಹಣ್ಣು ತೋರಿಸಿದೆ. “ಜಾಮ್” ಎಂದ. ತಪ್ಪು. ಕಡಲೆಕಾಯಿ ತೋರಿಸಿದರೆ “ಸೇಂಗಾ”. ಈರುಳ್ಳಿಗೆ “ಉಳ್ಳಾಗಡ್ಡಿ”. ದಿಂಬಿಗೆ “ತಕ್ಯಾ”. ಕಾಗದದ ಮೇಲೆ ‘ಐದಕ್ಕೆ ಸೊನ್ನೆ, ತೀವ್ರ ತೊಂದರೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮರುದಿನದಿಂದ ಪಾಠ ಶುರು. “ಇದು ಬಾಚಣಿಗೆ. ಹೇಳಿ, ಬಾ-ಚ-ಣಿ-ಗೆ.” ಆತ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ತುಂಬ ಕರುಣೆ ಇತ್ತು. ಆಮೇಲೆ ಮೆಲ್ಲಗೆ, ನನಗೆ ಕೇಳುವಂತೆ, ಬಿಡಿಸಿ ಬಿಡಿಸಿ, “ಹ-ಣ-ಗಿ” ಎಂದ. ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಕಾಲು ಕೈ ಎರಡೂ ಮನೆಗೆ ಹೋಗುವಷ್ಟು ಬಂದವು. ಶನಿವಾರ ಡಾಕ್ಟರು ಕೇಳಿದಾಗೆಲ್ಲ ನಾನು, “ಮಾತು ಇನ್ನೂ ಬಂದಿಲ್ಲ ಸರ್” ಎನ್ನುತ್ತಿದ್ದೆ. ಹೀಗೆ ಮೂರು ವಾರ.

ಒಂದು ಬೆಳಿಗ್ಗೆ ಮೌಸಿ ಕಸ ಗುಡಿಸುತ್ತಾ ನಮ್ಮ ಪಾಠ ಕೇಳಿ ಪೊರಕೆ ಹಿಡಿದುಕೊಂಡೇ ನಿಂತಳು.

“ಬಾಯಾರ, ಇಂವಾ ಎಲ್ಲಾ ಬರೋಬ್ಬರಿ ಹೇಳಾಕತ್ತಾನಲ್ರಿ!”

“ಎಲ್ಲಿ ಸರಿ? ಬಾಚಣಿಗೆಗೆ ಏನೋ ಹಣ ಹಣ ಅಂತಾರೆ.”

“ಹಣಗಿ ಅಂದ್ರ ಹಣಗೀನಾ. ನೀವು ತಲಿ ಯಾತರಲೆ ಹಿಕ್ಕೋತೀರಿ?”

ಮೌಸಿ ಬುಟ್ಟಿಯ ಸಾಮಾನನ್ನೆಲ್ಲ ಎತ್ತಿ ತೋರಿಸಿ ಹೆಸರು ಹೇಳಿದಳು. ಐದಕ್ಕೆ ಐದು. ನನ್ನ ಕಿವಿ ಬಿಸಿಯಾಯಿತು. ಈ ಮನುಷ್ಯನನ್ನು ನಾನು ಸುಮ್ಮಸುಮ್ಮನೆ ಮೂರು ವಾರ ಹೆಂಡತಿ ಮಕ್ಕಳಿಂದ ದೂರ ಇಟ್ಟಿದ್ದೆ. ಕೈಮುಗಿದು ತಪ್ಪಾಯಿತು ಎಂದೆ. “ಮೊದಲೇ ಒಂದು ಮಾತು ಹೇಳಬಾರದಿತ್ತೇ?” ಎಂದೂ ಕೇಳಿದೆ.

ಅವನು ನನ್ನನ್ನು ಸಮಾಧಾನ ಮಾಡಿದ. “ಇರಲಿ ಬಿಡ್ರಿ. ನೀವು ದಿನಾ ಬಂದು ಇದೇನು, ಅದೇನು ಅಂತ ಕೇಳಾಕತ್ತಿದ್ರಿ. ಪಾಪ, ದೂರದಿಂದ ಬಂದಾರ, ಇವರಿಗಿ ಸಾಮಾನಿನ ಹೆಸರ ಕಲಸಲಾಕ ನನ್ನ ಇಟ್ಕೊಂಡಾರ ಅಂತ ತಿಳ್ಕೊಂಡೆ. ಖರೇ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ನೀವಾ ಜರಾ ಮಂದ ಅದೀರಿ. ಮೂರ ವಾರ ಆತು, ಒಂದಾ ಬರಲಿಲ್ಲ ನಿಮಗ.”

೨. ಒಲೆ ಮುಂದೆ ಏಳುವ ಕೈ

ಮುಡಬಿಯಿಂದ ಬಂದ ಹೆಣ್ಣುಮಗಳು ಕೂಲಿ ಮಾಡುವವಳು. ಐವತ್ತು ದಾಟಿರಬಹುದು, ಅವಳಿಗೇ ಲೆಕ್ಕ ಗೊತ್ತಿರಲಿಲ್ಲ. ಬಲಗಡೆಗೆ ಲಕ್ವಾ. ತಿಂಗಳೊಳಗೆ ಕೋಲಿಲ್ಲದೆ ನಡೆದಳು. ಕೈ ಮಾತ್ರ ಏಳಲೇ ಇಲ್ಲ. ನಾನು ದಿನಕ್ಕೆರಡು ಸಲ ಅವಳ ಪಕ್ಕ ಕೂತು ಭುಜದಿಂದ ಬೆರಳ ತುದಿಯ ತನಕ ಒತ್ತುತ್ತಿದ್ದೆ, ಮಡಿಸುತ್ತಿದ್ದೆ, ಬಿಡಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಹಾಯಾಗಿ ಮಲಗಿರುತ್ತಿದ್ದಳು.

“ನೋವಾಗುತ್ತಾ?” ಎಂದರೆ, “ಇಲ್ಲವ್ವಾ. ಹಿಂಗ ನನ್ನ ಕೈ ಹಿಡ್ಕೊಂಡು ಯಾರೂ ಕುಂತಿದ್ದಿಲ್ಲ” ಎನ್ನುತ್ತಿದ್ದಳು.

ಶನಿವಾರ ಡಾಕ್ಟರು ಬಂದು ಅವಳ ಕೈ ಎತ್ತಿ ಬಿಟ್ಟರೆ, ಅದು ಹಿಂಡಿದ ಸೀರೆಯ ಹಾಗೆ ದೊಪ್ಪನೆ ಬೀಳುತ್ತಿತ್ತು. ಡಾಕ್ಟರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಬೆರಳಿನ ಬಿಗಿ, ಸ್ನಾಯುವಿನ ಬಲ ನೋಡಿದರೆ ಕೈ ಬರಲೇಬೇಕು. ಬರುತ್ತಿಲ್ಲ. ನನ್ನ ವಿದ್ಯೆಯ ಮೇಲೆ ನನಗೇ ಅನುಮಾನ ಬಂತು. ಒಂದು ದಿನ ಊಟ ಸೇರದೆ ಹಾಗೇ ಎದ್ದದ್ದೂ ಉಂಟು.

ಆರನೆಯ ವಾರ ನಮ್ಮ ಅಡಿಗೆಯವನು ತನ್ನ ತಂಗಿಯ ಮದುವೆಗೆಂದು ಊರಿಗೆ ಹೋದ. ಅಡಿಗೆ ಮೌಸಿಯ ಪಾಲಿಗೆ ಬಂತು. ಮೌಸಿಗೆ ನೂರು ಕೆಲಸ ಬರುತ್ತಿದ್ದವು, ರೊಟ್ಟಿ ಬಡಿಯುವುದೊಂದು ಬರುತ್ತಿರಲಿಲ್ಲ. ಒಂದು ಕಡೆ ಹಸಿ, ಒಂದು ಕಡೆ ಕರಿ. ಅಂಚಿನಲ್ಲಿ ಬಿರುಕು ಬಿಟ್ಟ ಆ ಜೋಳದ ರೊಟ್ಟಿಯನ್ನು ವಾರ್ಡಿನವರು ಒಂದು ದಿನ ಸುಮ್ಮನೆ ತಿಂದರು. ಎರಡನೆಯ ದಿನ ಬೈದುಕೊಂಡು ತಿಂದರು. ಮೂರನೆಯ ದಿನ ನಾನೂ ಡಾಕ್ಟರೂ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಬರುತ್ತಿದ್ದಾಗ ಅಡಿಗೆಮನೆಯಿಂದ ಒಂದು ಸದ್ದು ಬಂತು. ಪಟ್ ಪಟ್ ಪಟ್ ಪಟ್. ಒಂದೇ ಲಯ, ಒಂದೇ ಹದ. ಮೌಸಿಯ ಕೈಯಂತೂ ಅದಲ್ಲ, ಮೌಸಿ ನಮ್ಮ ಪಕ್ಕದಲ್ಲೇ ನಿಂತಿದ್ದಳು.

ಹೋಗಿ ನೋಡಿದರೆ ಮುಡಬಿಯವಳು ಒಲೆ ಮುಂದೆ ಕೂತಿದ್ದಾಳೆ. ಬಲಗೈ ತುಂಬ ಹಿಟ್ಟು. ರೊಟ್ಟಿ ಅವಳ ಅಂಗೈ ಕೆಳಗೆ ತಿರುಗುತ್ತಾ ತಿರುಗುತ್ತಾ ಹುಣ್ಣಿಮೆ ಚಂದ್ರನ ಹಾಗೆ ಅಗಲವಾಗುತ್ತಿದೆ. ನಮ್ಮನ್ನು ಕಂಡವಳೇ ಕೈಯನ್ನು ತಟ್ಟನೆ ತೊಡೆಯ ಮೇಲೆ ಬಿಟ್ಟಳು. ಆದರೆ ತಡವಾಗಿತ್ತು.

ಅವಳೇ ತಲೆ ತಗ್ಗಿಸಿ ಹೇಳಿದಳು: “ಈ ಕೈ ಒಲಿ ಮುಂದ ಅಷ್ಟ ಏಳತದರಿ ಸಾಹೇಬ್ರ. ಬ್ಯಾರೆ ಕಡಿ ಏಳಂಗಿಲ್ಲ.” ಆಮೇಲೆ ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, “ಲಗ್ನ ಆದಾಗಿಂದ ಹಗಲೊತ್ತಿನ್ಯಾಗ ಬೆನ್ನ ಹಚ್ಚಿದಾಕಿ ಅಲ್ಲವ್ವಾ ನಾ. ಇಲ್ಲೇ ಮಲಗೀನಿ. ಕೈ ಬಂತು ಅಂದ್ರ ಕಳಸ್ತೀರಿ. ಕಳಸಿದ್ರ ನಾಳಿಂದ ಮತ್ತ ಕುರ್ಪಿ ಹಿಡದು ಕಳೆ ತೆಗಿಯೂದಾ” ಎಂದಳು.

ಡಾಕ್ಟರು ಕೆಳಗೆ ಕುಕ್ಕರುಗಾಲಲ್ಲಿ ಕೂತು ಒಂದು ರೊಟ್ಟಿ ಮುರಿದು ಬಾಯಿಗಿಟ್ಟರು. ಪೂರಾ ತಿಂದರು. ಇನ್ನೊಂದು ಕೇಳಿ ತಿಂದರು. ಎದ್ದು ಕೈ ಒರೆಸಿಕೊಂಡು ಗಂಭೀರವಾಗಿ, “ಕೈ ಇನ್ನೂ ಪೂರಾ ಗುಣ ಆಗಿಲ್ಲ. ಮತ್ತೆ ಎಂಟು ದಿನ ಇರಲಿ” ಎಂದು ತೀರ್ಪು ಕೊಟ್ಟರು.

ಎಂಥ ದೊಡ್ಡ ಮನಸ್ಸು ಎಂದುಕೊಂಡು ನಾನು ಅವರ ಹಿಂದೆ ಹೊರಗೆ ಬಂದೆ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, “ಅಡಿಗೆಯವನು ಬರಲಿಕ್ಕೆ ಇನ್ನೂ ಎಂಟು ದಿನ ಅದ” ಎಂದರು.

ಅವಳಿಂದ ನನಗೆ ಒಂದು ಹೊಸ ವಿದ್ಯೆಯೂ ಬಂತು. ಆಮೇಲೆ ಬಂದ ಎಲ್ಲ ಹೆಂಗಸರಿಗೂ ನಾನು ಒಂದು ಎರಡು ಮೂರು ಎಣಿಸುವ ಬದಲು ಒಂದು ಮುದ್ದೆ ಜೋಳದ ಹಿಟ್ಟು ಕೊಡುತ್ತಿದ್ದೆ. ಕೈ ಬೇಗ ಬರುತ್ತಿತ್ತು. ಪುಸ್ತಕದಲ್ಲಿ ಇದು ಇರಲಿಲ್ಲ.

೩. ಎಡಗಡೆಯ ಹಕ್ಕಿ

ಬಸವಕಲ್ಯಾಣದ ಒಬ್ಬ ದರ್ಜಿಗೆ ಲಕ್ವಾ ಹೊಡೆದಾಗ ಎಡಗಡೆಯ ಲೋಕವೇ ಮಾಯವಾಗಿತ್ತು. ಕಣ್ಣು ಸರಿ ಇತ್ತು. ಆದರೆ ಎಡಕ್ಕೆ ಏನಾದರೂ ಇದೆ ಎಂಬುದೇ ಅವನ ಮಿದುಳಿಗೆ ಹೊಳೆಯುತ್ತಿರಲಿಲ್ಲ. ತಾಟಿನಲ್ಲಿ ಬಲಗಡೆಯ ಅನ್ನ ಅಷ್ಟೇ ಉಂಡು, “ಈ ದವಾಖಾನಿದಾಗ ಅರ್ಧಾ ಹೊಟ್ಟಿ ಊಟ ಹಾಕ್ತಾರ” ಎಂದು ಜಗಳ ತೆಗೆಯುತ್ತಿದ್ದ. ತಾಟನ್ನು ಅರ್ಧ ಸುತ್ತು ತಿರುಗಿಸಿಟ್ಟರೆ, “ಈಗ ನೀಡಿದ್ರಿ ನೋಡ್ರಿ” ಎಂದು ಸಂತೋಷದಿಂದ ಉಳಿದದ್ದು ಉಣ್ಣುತ್ತಿದ್ದ.

ಅವನ ಮುಖ ಎಡಕ್ಕೆ ತಿರುಗಿಸಲು ನಾನು ಮಾಡದ ಉಪಾಯವಿಲ್ಲ. ಎಡಗಡೆ ನಿಂತು ಚಪ್ಪಾಳೆ ತಟ್ಟಿದೆ, ಗಂಟೆ ಬಾರಿಸಿದೆ, ಅವನಿಗಿಷ್ಟವೆಂದು ಬಣ್ಣದ ಬಟ್ಟೆಯ ತುಂಡು ತೂಗುಹಾಕಿದೆ. ತಿರುಗಲಿಲ್ಲ. ಎಡಕ್ಕೆ ನೋಡದವನು ರಸ್ತೆ ದಾಟುವುದು ಹೇಗೆ? ಹೀಗಾಗಿ ಮನೆಗೆ ಬಿಡುವ ಹಾಗಿರಲಿಲ್ಲ.

ಸಂತೆಯ ದಿನ ಅವನ ಅಕ್ಕ ಒಂದು ಮುಚ್ಚಿದ ಬುಟ್ಟಿ ತಂದಳು. ಒಳಗೆ ಪಾರಿವಾಳ. ಲಕ್ವಾಕ್ಕೆ ಪಾರಿವಾಳದ ಬಿಸಿ ರಕ್ತ ಹಚ್ಚಿದರೆ ಗುಣ ಎಂಬುದು ಆ ಸೀಮೆಯ ನಂಬಿಕೆ. ಡಾಕ್ಟರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ನನ್ನ ವಾರ್ಡಿನೊಳಗೆ ಹಕ್ಕಿ ಕೊಯ್ಯೋದು ನಡೆಯೋದಿಲ್ಲ” ಎಂದು ಅವರು ಬುಟ್ಟಿಗೆ ಕೈ ಹಾಕಿದರು. “ನನ್ನ ತಮ್ಮನ ಜೀವ ಅದ್ರಿ ಅದು” ಎಂದು ಅಕ್ಕನೂ ಬುಟ್ಟಿ ಎಳೆದಳು. ಮುಚ್ಚಳ ಹಾರಿತು. ಹಕ್ಕಿಯೂ ಹಾರಿತು. ವಾರ್ಡಿನ ಸೂರಿನ ಕೆಳಗೆ ಎರಡು ಸುತ್ತು ಹೊಡೆದು, ದರ್ಜಿಯ ಎಡಗಡೆಯ ಕಿಟಕಿಯ ಸರಳಿನ ಮೇಲೆ ಹೋಗಿ ಕೂತಿತು.

ದರ್ಜಿಯ ಕುತ್ತಿಗೆ ಹಕ್ಕಿಯ ಹಿಂದೆಯೇ ಸುತ್ತಿ ಸುತ್ತಿ, ಮೆಲ್ಲಗೆ, ಪೂರ್ತಿ ಎಡಕ್ಕೆ ತಿರುಗಿತು!

“ಅಕ್ಕಾ, ಅಲ್ಲಿ ಕುಂತದ ನೋಡು!” ಎಂದ. ಹಾಗೆ ಅನ್ನುತ್ತಲೇ ಅವನ ಕಣ್ಣು ಕಿಟಕಿಯ ಕೆಳಗಿನ ಮಂಚದ ಮೇಲೆ ಬಿತ್ತು. ಅಲ್ಲಿ ಒಬ್ಬ ಮುದುಕ ಮಲಗಿದ್ದ. ದರ್ಜಿ ಬೆಚ್ಚಿ, “ನೀವು ಯಾವಾಗ ಬಂದ್ರಿ?” ಎಂದು ಕೇಳಿದ.

ಮುದುಕ ಮುಖ ಗಂಟಿಕ್ಕಿಕೊಂಡು, “ನಾ ಬಂದು ಇಪ್ಪತ್ತಾರು ದಿನಾ ಆತು. ಮಾತಾಡ್ಸಂಗಿಲ್ಲ, ಮುಖಾ ನೋಡಂಗಿಲ್ಲ. ಎಷ್ಟ ಸೊಕ್ಕಿರಬೇಕು ಈ ಮನಷ್ಯಾಗ ಅಂತ ನಾನೂ ಸುಮ್ಮನಿದ್ದೆ” ಎಂದ.

ಅಂದಿನಿಂದ ಆ ಕಿಟಕಿಯಲ್ಲಿ ಮೌಸಿ ದಿನಾ ಒಂದು ಹಿಡಿ ಜೋಳ ಹಾಕಿದಳು. ಹಕ್ಕಿ ಬಂತು, ದರ್ಜಿ ತಿರುಗಿದ. ಮುದುಕನ ಜೊತೆ ಸ್ನೇಹ ಬೆಳೆದು ಮಾತಿಗಾಗಿಯೂ ತಿರುಗಿದ. ತಿಂಗಳೊಳಗೆ ಮನೆಗೆ ಹೋದ. ಅವನ ಅಕ್ಕ ಮಾತ್ರ ಕಲ್ಯಾಣದ ತುಂಬ, “ಪಾರಿವಾಳದಿಂದಲೇ ಗುಣ ಆಯ್ತು, ದೊಡ್ಡ ಡಾಕ್ಟರೇ ಕಣ್ಣಾರೆ ನೋಡ್ಯಾರ” ಎಂದು ಸಾರಿಬಿಟ್ಟಳು. ಮುಂದಿನ ಸಂತೆಗೆ ಗೇಟಿನ ಮುಂದೆ ನಾಲ್ಕು ಬುಟ್ಟಿ ಬಂದು ಕೂತವು. ನಾಲ್ಕರಲ್ಲೂ ಪಾರಿವಾಳದ ಗುಟರ್ ಗುಟರ್.

ಡಾಕ್ಟರು ತಲೆ ಹಿಡಿದುಕೊಂಡರು. ಆಮೇಲೆ ನನ್ನನ್ನು ಕರೆದು ಹೇಳಿದರು: “ಗುಣ ಆಗೋದು ಖರೇ ಅಂತ ಹೇಳ್ರಿ. ಆದ್ರೆ ಹಕ್ಕಿ ಜೀವಂತ ಇದ್ದರಷ್ಟೇ ಔಷಧ ಹಿಡಿತದ ಅಂತಲೂ ಹೇಳ್ರಿ.”

೪. ಹನ್ನೊಂದು ಗಂಟೆಯ ಬಸ್ಸು

ಕೊಹಿನೂರದ ಒಬ್ಬ ರೈತ ಬಂಡಿಯಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದ. ನಾಲ್ಕು ಜನ ಹೊತ್ತು ತಂದು ಹಾಕಿದ್ದರು. ಎರಡು ತಿಂಗಳಿಗೆ ಕೋಲು ಹಿಡಿದು ನಡೆದ. ಅಷ್ಟರಲ್ಲಿ ಹಿಂಗಾರಿ ಬಿತ್ತನೆಯ ಹೊತ್ತು ಬಂತು. ಅವನು ಮಂಚದ ಮೇಲೆ ಕೂತು ಕಿಟಕಿಯಾಚೆ ಮೋಡ ನೋಡುವುದು, ನಿಟ್ಟುಸಿರು ಬಿಡುವುದು, ನನ್ನನ್ನು ನೋಡುವುದು, ಮತ್ತೆ ನಿಟ್ಟುಸಿರು ಬಿಡುವುದು.

“ಇನ್ನೂ ಹದಿನೈದು ದಿನ” ಎಂದೆ. ಮರುದಿನ ಮಧ್ಯಾಹ್ನ ಮಂಚ ಖಾಲಿ.

ಊರೆಲ್ಲ ಹುಡುಕಿದೆವು. ಸಂಜೆ ಊಟದ ಹೊತ್ತಿಗೆ ತಾನೇ ಬಂದು ಮಂಚದ ಮೇಲೆ ಧಪ್ಪೆಂದು ಕೂತ. ಮುಖದಲ್ಲಿ ನನ್ನ ಮೇಲೆಯೇ ಸಿಟ್ಟು.

“ಎಲ್ಲಿಗೆ ಹೋಗಿದ್ರಿ?”

“ಊರಿಗಿ.”

“ಮತ್ತೆ?”

“ನಾಕು ಬಸ್ಸ ಬಂದ್ವು ಬಾಯಾರ. ನಾಕೂ ಹೋದ್ವು. ನಾ ಕಾಲ ಎತ್ತಿ ಪಾವಟಿಗಿ ಮ್ಯಾಲ ಇಡೂದರಾಗ ಕಂಡಕ್ಟರ್ ಸೀಟಿ ಹೊಡೀತಾನ.” ಮೂಲೆಯಲ್ಲಿ ನಾನು ಅಭ್ಯಾಸಕ್ಕೆಂದು ಇಟ್ಟಿದ್ದ, ಒಂದು ಇಟ್ಟಿಗೆಯಷ್ಟು ಎತ್ತರದ ಹಲಗೆಯ ಮೆಟ್ಟಿಲಿನ ಕಡೆ ಕೋಲು ತೋರಿಸಿದ. “ಇಷ್ಟ ದಿನಾ ಅದರ ಮ್ಯಾಲ ಹತ್ತಿಸಿದ್ರಿ. ಅಷ್ಟ ಸಣ್ಣ ಪಾವಟಿಗಿ ಯಾವ ಬಸ್ಸಿಗದ, ಹೇಳ್ರಿ?”

ಅವನ ಮಾತು ನೂರಕ್ಕೆ ನೂರು ನಿಜ. ಮರುದಿನವೇ ಬಡಗಿಯನ್ನು ಕರೆಸಿ ಬಸ್ಸಿನ ಮೆಟ್ಟಿಲಿನಷ್ಟೇ ಎತ್ತರದ್ದು ಮಾಡಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಹನ್ನೊಂದು ಗಂಟೆಗೆ ಕಲ್ಯಾಣಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ತಾಯಿ ಹಿಂದೆ ನಮ್ಮ ವಾರ್ಡಿನಲ್ಲಿದ್ದವಳು. ಅವನನ್ನು ಕೇಳಿಕೊಂಡೆ. “ಅದಕ್ಕೇನ್ರಿ ಬಾಯಾರ, ಗೇಟ್ ಮುಂದ ಎರಡ ಮಿನಿಟ್ ನಿಂದರಸ್ತೀನಿ, ಹತ್ತಿಸಿ ಇಳಸ್ಕೋರಿ” ಎಂದ. ಇಂಥ ಮಾತು ಹೇಳುವವರು ಆ ಊರಲ್ಲಿ ಸಿಕ್ಕರು ಎಂಬುದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ದಿನಾ ಹನ್ನೊಂದಕ್ಕೆ ಬಸ್ಸು ನಿಲ್ಲುತ್ತಿತ್ತು. ರೈತ ಸರಳು ಹಿಡಿದು ಕಾಲು ಎತ್ತುತ್ತಿದ್ದ. ಮೊದಲ ದಿನ ಆಗಲಿಲ್ಲ. ಎರಡನೆಯ ದಿನ ಬೆರಳು ತಾಗಿತು. ಆಮೇಲೆ ಬಸ್ಸಿನೊಳಗಿನವರಿಗೂ ಇದು ರೂಢಿಯಾಯಿತು. ಕಿಟಕಿಯಿಂದ ತಲೆ ಹೊರಹಾಕಿ, “ಎತ್ತ ಕಾಕಾ, ಎತ್ತ! ಜರಾ ಇನ್ನಾ!” ಎಂದು ಕೂಗುತ್ತಿದ್ದರು. ಐದನೆಯ ದಿನ ಒಂದು ಮೆಟ್ಟಿಲು ಹತ್ತಿ ಇಳಿದ. ಬಸ್ಸಿಗೆ ಬಸ್ಸೇ ಚಪ್ಪಾಳೆ ಹೊಡೆಯಿತು.

ಆರನೆಯ ದಿನ ಒಂದು ಹತ್ತಿದ. ಎರಡು ಹತ್ತಿದ. ಒಳಗೆ ಹೋದ. “ಕುಂದರಾಕ ಬರ್ತದೋ ಇಲ್ಲೋ ನೋಡ್ತೀನಿ” ಎಂದು ಕೂಗಿ ಹೇಳಿ ಒಂದು ಸೀಟಿನಲ್ಲಿ ಕೂತ. ಕಂಡಕ್ಟರ್ ಸೀಟಿ ಹೊಡೆದ. ಬಸ್ಸು ಹೊರಟಿತು. ನಾನೂ ಮೌಸಿಯೂ ಗೇಟಿನಲ್ಲಿ ನಿಂತು ಸಂತೋಷದಿಂದ ಚಪ್ಪಾಳೆ ತಟ್ಟುತ್ತಲೇ ಇದ್ದೆವು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮೌಸಿ, “ಬಾಯಾರ, ಇಳಸ್ಲೇ ಇಲ್ಲಲ್ರಿ?” ಎಂದಳು.

ಎರಡು ದಿನದ ಮೇಲೆ ಹನ್ನೊಂದರ ಬಸ್ಸು ಗೇಟಿನಲ್ಲಿ ನಿಂತಿತು. ಕಂಡಕ್ಟರ್ ಇಳಿದು, ಒಗೆದು ಮಡಿಸಿದ ಆಸ್ಪತ್ರೆಯ ಅಂಗಿಯನ್ನೂ ಒಂದು ಗಂಟು ಹೊಸ ಹೆಸರುಬೇಳೆಯನ್ನೂ ನನ್ನ ಕೈಗಿಟ್ಟ. ರೈತ ಕಲ್ಯಾಣದಲ್ಲಿ ಇಳಿದು, ಇನ್ನೊಂದು ಬಸ್ಸನ್ನು ಒಬ್ಬನೇ ಹತ್ತಿ ಮನೆ ಸೇರಿದ್ದನಂತೆ.

“ಡಾಕ್ಟರು ಬರೆಯದೆ ಹಾಗೆಲ್ಲ ಕಳಿಸಬಾರದಪ್ಪಾ” ಎಂದೆ.

“ಏನ್ ಹೇಳ್ತೀರಿ ಬಾಯಾರ, ಬರದಾ ಕಳಸೀನಿ. ಟಿಕೇಟ್ ಹರದ ಕೊಟ್ಟೀನಲ್ರಿ” ಎಂದ.

೫. ‘ರಿ’ ಹಚ್ಚಿ ಕಲಿಸಿದ್ದು

ಇದು ನಾನು ಹುಮನಾಬಾದು ಬಿಡುವ ಹಿಂದಿನ ವರ್ಷದ್ದು. ಬಸವಕಲ್ಯಾಣದಿಂದ ಒಬ್ಬ ನಿವೃತ್ತ ಗಿರ್ದಾವರ ಸಾಹೇಬರು ಬಂದರು. ಗಿರ್ದಾವರ ಎಂದರೆ ಕಂದಾಯದ ಅಧಿಕಾರಿ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ, ಉರ್ದುವಿನಲ್ಲೇ ದಫ್ತರ ನಡೆಸಿದವರು. ಮನೆಮಾತು ಕನ್ನಡ. ಲಕ್ವಾ ಹೊಡೆದು ಮಾತು ಪೂರಾ ಬಿದ್ದಿತ್ತು. ಎರಡು ವಾರದ ಮೇಲೆ ಮಾತು ಬಂತು, ಆದರೆ ಬರೀ ಉರ್ದು! ಕನ್ನಡ ಒಂದಕ್ಷರವೂ ಇಲ್ಲ. ಎರಡು ಭಾಷೆ ಬಲ್ಲವರಿಗೆ ಹೀಗೆ ಒಂದು ಮೊದಲು ಬಂದು ಇನ್ನೊಂದು ಹಿಂದೆ ಉಳಿಯುವುದುಂಟು.

ಅವರ ಹೆಂಡತಿ ದಿನಾ ಪಕ್ಕದಲ್ಲಿ ಕೂತಿರುತ್ತಿದ್ದರು. ಬಡಕಲು ಜೀವ, ಮೆತ್ತಗಿನ ಮಾತು. ಅವರು ಕಿಟಲಿಯಲ್ಲಿ ಚಹಾ ತಂದು ಮಂಚದ ಪಕ್ಕ ನಿಂತರೆ ಸಾಹೇಬರು ಎದೆಯ ಮೇಲೆ ಕೈಯಿಟ್ಟು, “ಆಪ್ ಆಗಯೀಂ? ಆಯಿಯೇ, ತಶ್ರೀಫ್ ರಖಿಯೇ” ಎನ್ನುವರು. ಬಂದಿರಾ, ಬನ್ನಿ, ದಯಮಾಡಿ ಕೂತುಕೊಳ್ಳಿ ಎಂದು. ಆ ಸೀಮೆಯಲ್ಲಿ ಉರ್ದು ಯಾರಿಗೆ ತಿಳಿಯುವುದಿಲ್ಲ? ಆಕೆಯ ಕಿವಿ ಕೆಂಪಾಗುತ್ತಿತ್ತು.

ನಾನು ಕನ್ನಡದ ಪಾಠ ಶುರು ಮಾಡುವ ದಿನ ಆಕೆ ನನ್ನನ್ನು ಮೂಲೆಗೆ ಕರೆದರು.

“ಬಾಯಾರ, ಕನ್ನಡ ಬರಲೇಬೇಕೇನ್ರಿ?”

“ಬೇಡವೇ? ಮನೆಯಲ್ಲಿ ಎಲ್ಲರೂ ಕನ್ನಡದವರಲ್ಲವೇ?”

“ಅಲ್ಲರಿ...” ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. “ಲಗ್ನ ಆಗಿ ನಲವತ್ತೆರಡು ವರ್ಷ ಆತು. ಕನ್ನಡದಾಗ ಒಮ್ಮೆರ ಬಾ ಅಂತ ಸುದ್ದಾ ಚಂದಾಗಿ ಅಂದಿಲ್ಲ. ‘ಎಲ್ಲಿ ಸತ್ತಿದ್ದಿ’ ಅಂತನಾ ಶುರು ಆಗ್ತದ. ಮನಸ್ಸಿನ್ಯಾಗ ಏನಿಲ್ಲ ಅವರಿಗಿ, ಬಾಯಿ ಅಷ್ಟ ಹಾಂಗ. ಈ ಉರ್ದುದಾಗ ನೋಡ್ರಿ, ನನಗ ಆಪ್ ಅಂತಾರ. ಇನ್ನ ಸ್ವಲ್ಪ ದಿನ ಇರಲಿ ಬಿಡ್ರಿ ಹಿಂಗಾ.”

ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು. “ಪಾಠ ಮಾಡದೆ ಇರುವ ಹಾಗಿಲ್ಲಮ್ಮ, ನನ್ನ ಕೆಲಸ ಅದು” ಎಂದೆ.

ಆಕೆ ಸ್ವಲ್ಪ ಯೋಚಿಸಿದರು. ಆಮೇಲೆ ಮುಖ ಅರಳಿತು. “ಹಂಗಾದ್ರ ಹಿಂಗ ಮಾಡ್ರಿ. ಮೊದಲಿಂದ ಕಲಸಾಕತ್ತೀರಲ್ಲ, ‘ರಿ’ ಹಚ್ಚಿ ಕಲಸ್ರಿ.”

ಇಂಥ ಬೇಡಿಕೆ ಯಾವ ರೋಗಿಯ ಮನೆಯವರೂ ಅಲ್ಲಿಯವರೆಗೆ ಇಟ್ಟಿರಲಿಲ್ಲ.

ಹಾಗೇ ಕಲಿಸಿದೆ. ಬಾ ಇಲ್ಲ, ಬರ್ರಿ. ಕುಂದರು ಇಲ್ಲ, ಕುಂದರ್ರಿ. ತಾ ಇಲ್ಲ, ತರ್ರಿ. ಸಾಹೇಬರು ಒಳ್ಳೆಯ ವಿದ್ಯಾರ್ಥಿ. ಶನಿವಾರ ಡಾಕ್ಟರು, “ನಡಿಗೆ ಬಂದದ, ಮಾತು ಬಂದದ, ಇನ್ನೂ ಯಾಕೆ ಮನೆಗೆ ಹೋಗಿಲ್ಲ?” ಎಂದರು. “ವ್ಯಾಕರಣ ಸ್ವಲ್ಪ ಉಳಿದಿದೆ ಸರ್” ಎಂದೆ.

ಒಂದು ಬೆಳಿಗ್ಗೆ ಆಕೆ ಬರುವುದು ತಡವಾಯಿತು. ಸಾಹೇಬರು ಬಾಗಿಲನ್ನೇ ನೋಡುತ್ತಾ ಚಡಪಡಿಸುತ್ತಿದ್ದರು. ಆಕೆ ಕಿಟಲಿ ಹಿಡಿದು ಒಳಗೆ ಕಾಲಿಟ್ಟದ್ದೇ ತಡ, ಇಡೀ ವಾರ್ಡು ನಡುಗುವ ಹಾಗೆ, ಒಂದು ತೊದಲಿಲ್ಲದೆ, ಅಚ್ಚ ಕನ್ನಡದಲ್ಲಿ ಸಾಹೇಬರ ಬಾಯಿಂದ ಬಂತು: “ಎಲ್ಲಿ ಸತ್ತಿದ್ದೀ ಇಷ್ಟೊತ್ತನಕಾ?”

ಹನ್ನೆರಡು ಮಂಚದವರೂ ಸಂತೋಷದಿಂದ ಚಪ್ಪಾಳೆ ಹೊಡೆದರು. ಮಾತು ಪೂರಾ ಬಂತಲ್ಲ! ಆಕೆ ಕಿಟಲಿ ಕೆಳಗಿಟ್ಟು ಸೆರಗಿನಿಂದ ಕಣ್ಣೊತ್ತಿಕೊಂಡರು. ಎಲ್ಲರೂ ಆನಂದಬಾಷ್ಪ ಎಂದುಕೊಂಡರು. ನನಗೆ ಮಾತ್ರ ಕೇಳುವ ಹಾಗೆ ಆಕೆ, “ಹೋಯ್ತ್ರಿ ಬಾಯಾರ, ಉರ್ದು ಹೋಯ್ತು” ಎಂದರು.

ಮಧ್ಯಾಹ್ನ ಸಾಹೇಬರು ನನ್ನನ್ನು ಕರೆದರು. “ಇಕಿ ಯಾಕ ಅತ್ತಳು?” ನಾನು ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಮ್ಮ ಕೈಯನ್ನೇ ನೋಡುತ್ತಾ, “ನಲವತ್ತೆರಡು ವರ್ಷ ಹಂಗಾ ಅಂದೀನೇನ್ರಿ?” ಎಂದರು.

ಆ ಶನಿವಾರ ಅವರನ್ನು ಮನೆಗೆ ಕಳಿಸಿದೆವು. ಬಸ್ ಸ್ಟ್ಯಾಂಡಿಗೆ ಹೋಗಲು ಗೇಟಿಗೆ ಟಾಂಗಾ ಬಂದಿತ್ತು. ಸಾಹೇಬರು ಕೋಲೂರಿಕೊಂಡು ಮುಂದೆ. ಹಿಂದೆ ಚೀಲ ಹಿಡಿದ ಹೆಂಡತಿ. ಅವರ ಹಿಂದೆ ತಲೆಯ ಮೇಲೆ ಹಾಸಿಗೆ ಸುರುಳಿ ಹೊತ್ತ ಮೌಸಿ. ಕೊನೆಗೆ ನಾನು. ಸಾಹೇಬರು ಟಾಂಗಾದ ಹತ್ತಿರ ಹೋದವರು ಹತ್ತಲಿಲ್ಲ. ಪಕ್ಕಕ್ಕೆ ಸರಿದು ನಿಂತರು. ಗಂಟಲು ಸರಿ ಮಾಡಿಕೊಂಡು ಹೆಂಡತಿಯ ಕಡೆ ತಿರುಗಿ, ಪಾಠ ಒಪ್ಪಿಸುವವರ ಹಾಗೆ, “ಬರ್ರಿ. ನೀವು ಮೊದಲ ಕುಂದರ್ರಿ” ಎಂದರು.

ಆಕೆ ನಿಂತಲ್ಲೇ ನಿಂತರು. ಯಾರಿಗೆ ಹೇಳಿದ್ದು ಎಂದು ಹಿಂದೆ ತಿರುಗಿ ನೋಡಿದರು. ಹಿಂದೆ ಮೌಸಿ ಇದ್ದಳು. ಮೌಸಿಯೂ ತನ್ನ ಹಿಂದೆ ತಿರುಗಿ ನೋಡಿದಳು. ಹಿಂದೆ ನಾನಿದ್ದೆ, ನಾನು ಹೋಗುವವಳಲ್ಲ. ಹಾಗಾದರೆ ತನಗೇ ಹೇಳಿದ್ದು ಎಂದು ಮೌಸಿಗೆ ಖಾತ್ರಿಯಾಯಿತು. ಹಾಸಿಗೆ ಸುರುಳಿಯನ್ನು ಟಾಂಗಾದೊಳಕ್ಕೆ ಎಸೆದು, ಸೀರೆ ಎತ್ತಿ ಹಿಡಿದು, ಠಣ್ಣನೆ ಹತ್ತಿ ಕೂತುಬಿಟ್ಟಳು.

ಟಾಂಗಾದವನು ನಕ್ಕ. ನಾನು ನಕ್ಕೆ. ಗಿರ್ದಾವರ ಸಾಹೇಬರು ಕೆಂಪಗಾಗಿ ಹೆಂಡತಿಗೆ, “ಅಕಿಗಲ್ಲರೀ, ನಿಮಗ ಅಂದೀನಿ ನಾ. ನಿಮಗ್ರೀ” ಎಂದು ಎರಡೆರಡು ‘ರಿ’ ಹಚ್ಚಿ ಹೇಳಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, ನಗುತ್ತಾರೋ ಅಳುತ್ತಾರೋ ತಿಳಿಯದ ಹಾಗೆ ಭುಜ ಕುಲುಕಿಸುತ್ತಾ ಟಾಂಗಾ ಹತ್ತಿದರು.

“ಇಳಿ ಮೌಸಿ, ನಿನಗಲ್ಲ ಹೇಳಿದ್ದು” ಎಂದೆ ನಾನು.

ಮೌಸಿ ಹಾಸಿಗೆ ಸುರುಳಿಗೆ ಒರಗಿ ಕೂತು, ಸೆರಗು ಸರಿ ಮಾಡಿಕೊಂಡಳು. “ಮಾಲೂಮ ಅದರಿ ಬಾಯಾರ. ಖರೇ ಇಷ್ಟ ವರ್ಷ ದವಾಖಾನಿದಾಗ ಎಲ್ಲಾರೂ ನನಗ ಏಳು ಅಂದಾರ, ಕುಂದರ್ರಿ ಅಂದವರು ಇವರೊಬ್ರಾ. ಬಸ್ ಸ್ಟ್ಯಾಂಡ್ ತನಕರ ಕುಂತು ಬರ್ತೀನಿ, ತಡೀರಿ.”